ಬಿಚ್ಚಿದ ಆಲ್ಟರ್ನೇಟರಿನಿಂದ ವಿದ್ಯುತ್ಕಾಂತೀಯ ಪ್ರೇರಣೆಯ ಪಾಠ

ಪಠ್ಯಪುಸ್ತಕದಲ್ಲಿ ವಿದ್ಯುಜ್ಜನಕವೆಂದರೆ ಒಂದು ರೇಖಾಚಿತ್ರ: ಎರಡು ಧ್ರುವಗಳು, ನಡುವೆ ತಿರುಗುವ ಸುರುಳಿ, ಉಂಗುರಗಳು, ಕುಂಚಗಳು. ವಿದ್ಯಾರ್ಥಿಯು ಆ ಚಿತ್ರವನ್ನು ತಪ್ಪಿಲ್ಲದೆ ಬರೆದು ಅಂಕ ಪಡೆಯುತ್ತಾನೆ. ಗ್ಯಾರೇಜಿನಲ್ಲಿ 'ಡೈನಮೊ' ಎಂದು ಕರೆಯುವ ವಸ್ತುವಿನಲ್ಲಿಯೂ ಅದೇ ತತ್ತ್ವವಿದೆ ಎಂಬುದು ಅವನಿಗೆ ಹೊಳೆಯುವುದಿಲ್ಲ. ಗಡಿನಾಡಿನ ಕನ್ನಡ ಶಾಲೆಗಳಲ್ಲಿ ಈ ಅಂತರ ಇಮ್ಮಡಿಯಾಗುತ್ತದೆ. ಗ್ಯಾರೇಜಿನಲ್ಲಿ ಅವನು ಕೇಳುವುದು ಬಹುಮಟ್ಟಿಗೆ ತಮಿಳು, ಮರಾಠಿ, ಮಲಯಾಳ ಅಥವಾ ತೆಲುಗು. ಪಾಠ ಮಾತ್ರ ಕನ್ನಡದಲ್ಲಿ. ಕನ್ನಡದ ವಿಜ್ಞಾನಪದಗಳು ಪರೀಕ್ಷೆಗಷ್ಟೇ ಎಂಬ ಭಾವನೆ ಹೀಗೆಯೇ ಬೇರೂರುತ್ತದೆ. ಕೆಟ್ಟುಹೋದ ಆಲ್ಟರ್ನೇಟರೊಂದನ್ನು ಶಿಕ್ಷಕರು ಮನೆಯಲ್ಲಿ ಬಿಚ್ಚಿ ತರಗತಿಯ ಮೇಜಿನ ಮೇಲಿಟ್ಟರೆ, ಪದವೂ ವಸ್ತುವೂ ಒಂದಾಗುತ್ತವೆ.

ಕಾರಿನಿಂದ ಕಳಚುವುದು

ಗುಜರಿ ಅಂಗಡಿಯಲ್ಲಿ ಹಳೆಯ ಆಲ್ಟರ್ನೇಟರ್ ದೊರೆತರೆ ಈ ಹಂತ ಬೇಕಿಲ್ಲ. ಕಾರಿನಿಂದಲೇ ತೆಗೆಯುವುದಾದರೆ ಎಂಜಿನ್ ತಣ್ಣಗಾಗಿರಬೇಕು, ಕೀಲಿ ತೆಗೆದಿರಬೇಕು. ಮೊದಲು ಬ್ಯಾಟರಿಯ ಋಣ ತುದಿಯನ್ನು ಬಿಡಿಸಬೇಕು. ಕಾರಿನ ಲೋಹದ ಒಡಲು ಋಣ ತುದಿಗೆ ಸೇರಿರುವುದರಿಂದ, ಧನ ತುದಿಯನ್ನು ಮೊದಲು ಬಿಡಿಸುವಾಗ ಸ್ಪ್ಯಾನರ್ ಒಡಲಿಗೆ ತಗುಲಿದರೆ ಮಂಡಲ ಹ್ರಸ್ವಗೊಂಡು ಕಿಡಿ ಹಾರುತ್ತದೆ. ಆಲ್ಟರ್ನೇಟರಿನ ದಪ್ಪ ತಂತಿ ಎಂಜಿನ್ ನಿಂತಿರುವಾಗಲೂ ಬ್ಯಾಟರಿಯ ಧನ ತುದಿಗೆ ಸೇರಿರುತ್ತದೆಂಬುದನ್ನು ಮರೆಯಬಾರದು.

ಬೆಲ್ಟ್ ಯಾವ ಪುಲ್ಲಿಗಳನ್ನು ಸುತ್ತಿದೆ ಎಂಬುದರ ಚಿತ್ರವನ್ನು ಕಾಗದದ ಮೇಲೆ ಬರೆದುಕೊಂಡು, ಬಿಗಿತ ಸಡಿಲಿಸಿ ಬೆಲ್ಟನ್ನು ಜಾರಿಸಬೇಕು. ಬಳಿಕ ತಂತಿಗಳನ್ನೂ ಹಿಡಿಕೆಯ ಬೋಲ್ಟುಗಳನ್ನೂ ಬಿಚ್ಚಬೇಕು. ಮರುಜೋಡಣೆಯಲ್ಲಿ ಋಣ ತುದಿಯೇ ಕೊನೆಯದು. ಈ ಹಂತದಲ್ಲಿ ವಿದ್ಯಾರ್ಥಿಗಳನ್ನು ತೊಡಗಿಸತಕ್ಕದ್ದಲ್ಲ.

ಒಳಭಾಗಗಳನ್ನು ಬಿಡಿಸುವುದು

ಹೊರಕವಚದ ಎರಡು ಅರ್ಧಗಳ ಮೇಲೆ ನೇರವಾಗಿ ಒಂದು ಗೆರೆ ಎಳೆದಿಟ್ಟರೆ ಮತ್ತೆ ಕೂಡಿಸುವಾಗ ದಾರಿ ತಪ್ಪದು. ಕಾರ್ಬನ್ ಬ್ರಷ್‌ಗಳು ಹಿಂಬದಿಯಲ್ಲಿ ಪ್ರತ್ಯೇಕ ಗೂಡಿನಲ್ಲಿದ್ದರೆ ಅವನ್ನು ಮೊದಲೇ ತೆಗೆಯಬೇಕು. ಇಲ್ಲವಾದರೆ ಕವಚ ಬಿಡಿಸುವಾಗ ಮುರಿಯುತ್ತವೆ. ಅನಂತರ ಉದ್ದನೆಯ ಬೋಲ್ಟುಗಳನ್ನು ಬಿಚ್ಚಿ, ಅರ್ಧಗಳನ್ನು ನಿಧಾನವಾಗಿ ಬೇರ್ಪಡಿಸಬೇಕು. ತಾಮ್ರದ ಸುರುಳಿಗೆ ಸ್ಕ್ರೂಡ್ರೈವರ್ ತಗುಲದಂತೆ ಎಚ್ಚರ ಅಗತ್ಯ.

ತರಗತಿಯಲ್ಲಿ

ಭಾಗಗಳನ್ನು ಸಾಲಾಗಿ ಇಟ್ಟು, ಪಠ್ಯಪುಸ್ತಕದ ಚಿತ್ರದೊಡನೆ ಹೋಲಿಸಲು ಹೇಳಬೇಕು. ಒಂದು ವ್ಯತ್ಯಾಸವನ್ನು ವಿದ್ಯಾರ್ಥಿಗಳೇ ಕಂಡುಹಿಡಿಯುವವರೆಗೆ ಕಾಯುವುದು ಲೇಸು: ಪುಸ್ತಕದಲ್ಲಿ ಕಾಂತ ಸ್ಥಿರ, ಸುರುಳಿ ತಿರುಗುತ್ತದೆ, ಇಲ್ಲಿ ಕಾಂತವೇ ತಿರುಗುತ್ತದೆ, ಸುರುಳಿ ಸ್ಥಿರ. 1831ರಲ್ಲಿ ಮೈಕೆಲ್ ಫ್ಯಾರಡೆ ತೋರಿಸಿದ ತತ್ತ್ವದ ತಿರುಳು ಇಲ್ಲಿದೆ. ಯಾವುದು ಚಲಿಸಿತು ಎಂಬುದು ಮುಖ್ಯವಲ್ಲ. ಸುರುಳಿಯ ಮೂಲಕ ಹಾಯುವ ಕಾಂತಕ್ಷೇತ್ರ ಬದಲಾಗಬೇಕು, ಅಷ್ಟೇ.

ಈ ಅದಲುಬದಲಿಗೆ ಕಾರಣವೂ ಉಂಟು. ಹೊರಹೋಗುವ ಪ್ರವಾಹ ಹಲವು ಹತ್ತು ಆಂಪಿಯರ್‌ಗಳಷ್ಟಿರುತ್ತದೆ. ಅದು ಸ್ಥಿರ ಸುರುಳಿಯಿಂದ ನೇರವಾಗಿ ತಂತಿಗೆ ಹರಿಯುತ್ತದೆ. ತಿರುಗುವ ಕಾಂತಕ್ಕೆ ಬೇಕಾದ ಕೆಲವೇ ಆಂಪಿಯರ್ ಮಾತ್ರ ಉಂಗುರ-ಕುಂಚಗಳ ಮೂಲಕ ಸಾಗುತ್ತದೆ. ಆದುದರಿಂದಲೇ ಅಷ್ಟು ಚಿಕ್ಕ ಕುಂಚಗಳು ಬಹುಕಾಲ ಬಾಳುತ್ತವೆ.

ಎರಡು ಪ್ರಯೋಗಗಳನ್ನು ಮಾಡಬಹುದು.

1. ತಿರುಗುವ ಭಾಗದ ಎರಡು ಉಂಗುರಗಳಿಗೆ ಎರಡು ಒಣಕೋಶಗಳನ್ನು ಸ್ವಲ್ಪ ಹೊತ್ತು ಜೋಡಿಸಬೇಕು. ಉಗುರಿನಾಕಾರದ ಕಬ್ಬಿಣದ ಧ್ರುವಗಳು ಗುಂಡುಸೂಜಿಗಳನ್ನು ಸೆಳೆಯುತ್ತವೆ. ದಿಕ್ಸೂಚಿಯನ್ನು ಸುತ್ತಲೂ ಸರಿಸಿದರೆ ಉತ್ತರ, ದಕ್ಷಿಣ ಧ್ರುವಗಳು ಒಂದಾದ ಮೇಲೊಂದು ಬರುವುದು ಕಾಣುತ್ತದೆ.

2. ಡಯೋಡುಗಳ ಫಲಕವನ್ನು ಸುರುಳಿಯಿಂದ ಬೇರ್ಪಡಿಸಿ, ಪ್ರತಿಯೊಂದು ಡಯೋಡನ್ನು ಮಲ್ಟಿಮೀಟರಿನಿಂದ ಎರಡೂ ದಿಕ್ಕಿನಲ್ಲಿ ಪರೀಕ್ಷಿಸಬೇಕು. ಒಳ್ಳೆಯ ಡಯೋಡು ಒಂದೇ ದಿಕ್ಕಿನಲ್ಲಿ ಪ್ರವಾಹ ಬಿಡುತ್ತದೆ. ಪರ್ಯಾಯ ಪ್ರವಾಹವು ಬ್ಯಾಟರಿಗೆ ಒಗ್ಗುವ ನೇರ ಪ್ರವಾಹವಾಗುವುದು ಇಲ್ಲಿಯೇ.

ಪದಗಳ ವಿಚಾರ

ನಿಜವಾದ ಡೈನಮೊದಲ್ಲಿ ಒಡೆದ ಉಂಗುರದ ದಿಕ್ಪರಿವರ್ತಕವು ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಡಯೋಡುಗಳು ಮಾಡುತ್ತವೆ. ಯಂತ್ರ ಬದಲಾದರೂ ಗ್ಯಾರೇಜಿನಲ್ಲಿ ಹಳೆಯ ಹೆಸರು ಉಳಿದಿದೆ. ಅದನ್ನು ತಪ್ಪೆಂದು ಹಳಿಯದೆ, ವಿದ್ಯಾರ್ಥಿಯ ನೋಟುಪುಸ್ತಕದಲ್ಲಿ ಮೂರು ಅಂಕಣ ಹಾಕಿಸಬೇಕು: ಭಾಗದ ಚಿತ್ರ, ಊರಿನಲ್ಲಿ ಕೇಳಿದ ಹೆಸರು, ಪಾಠದ ಹೆಸರು. 'ಕಾಯಿಲ್' ಎದುರು 'ಸುರುಳಿ', 'ಬ್ರಷ್' ಎದುರು 'ಕುಂಚ'. ಗ್ಯಾರೇಜಿನಲ್ಲಿ ದುಡಿಯುವವರ ಮಕ್ಕಳು ತರಗತಿಯಲ್ಲಿದ್ದರೆ ಎರಡನೆಯ ಅಂಕಣಕ್ಕೆ ಅವರೇ ಗುರುಗಳು. ಲೆಕ್ಕಕ್ಕೆ ಹಿಂಜರಿಯುವ ಹುಡುಗನೂ ಅಂದು ಎದ್ದುನಿಂತು ಉತ್ತರ ಹೇಳಬಲ್ಲನು.

ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ತುದಿ ಕಳಚಿ ಆಲ್ಟರ್ನೇಟರನ್ನು ಪರೀಕ್ಷಿಸುವ ರೂಢಿ ಕೆಲವೆಡೆ ಇದೆ. ಆಗ ವೋಲ್ಟತೆ ಥಟ್ಟನೆ ಏರಿ ಡಯೋಡುಗಳು ಸುಡಬಹುದು. ಇದನ್ನು ಮಾಡಬಾರದೆಂದು ಪಾಠದಲ್ಲಿಯೇ ತಿಳಿಸತಕ್ಕದ್ದು.

ಅಭ್ಯಾಸ

1. ಬ್ಯಾಟರಿಯ ಋಣ ತುದಿಯನ್ನೇ ಮೊದಲು ಬಿಡಿಸುವುದೇಕೆ?

2. 12 ಧ್ರುವಗಳ ಆಲ್ಟರ್ನೇಟರ್ ನಿಮಿಷಕ್ಕೆ 6000 ಸುತ್ತು ತಿರುಗಿದರೆ ಪ್ರವಾಹದ ಆವೃತ್ತಿ ಎಷ್ಟು? (ಸೆಕೆಂಡಿಗೆ 100 ಸುತ್ತು, 6 ಧ್ರುವಜೋಡಿ, ಆದುದರಿಂದ 600 ಹರ್ಟ್ಸ್.) ಮನೆಯ ವಿದ್ಯುತ್ತಿನ 50 ಹರ್ಟ್ಸ್‌ನೊಡನೆ ಹೋಲಿಸಿರಿ.

3. ಕುಂಚಗಳು ಪೂರ್ತಿ ಸವೆದರೆ ಬ್ಯಾಟರಿ ಏಕೆ ಬರಿದಾಗುತ್ತದೆ? ಮೇಜಿನ ಮೇಲಿರುವ ಭಾಗಗಳನ್ನು ತೋರಿಸುತ್ತ ಕನ್ನಡದಲ್ಲಿ ವಿವರಿಸಿರಿ.