ಸೇವೆಗೆ ಹೊರಟವರಿಗೆ ಮನೆಯ ಮಾತು

ಸಭೆಯ ಮುಂದೆ ಮೊಣಕಾಲೂರಿ, ಸಭಾಪಾಲಕರ ಆಶೀರ್ವಾದ ಪಡೆದು ದೂರದ ಮಿಷನರಿ ಸೇವೆಗೆ ಹೊರಡುವ ಮಕ್ಕಳೇ, ಅಂದು ಎಲ್ಲರೂ ನಿಮಗೆ ತ್ಯಾಗದ ಮಾತನ್ನೇ ಹೇಳುತ್ತಾರೆ. ನಾನು ಮನೆಯ ಮಾತು ಹೇಳುತ್ತೇನೆ.

ಅಜ್ಜಿ ತೀರಿಕೊಂಡರೆ ಬರಬೇಕೇ? ತಂಗಿಯ ಮದುವೆಗೆ? ಇದನ್ನು ಹೊರಡುವ ಮೊದಲು ಯಾರೂ ಕೇಳಿಕೊಳ್ಳುವುದಿಲ್ಲ, ಫೋನು ಬಂದ ರಾತ್ರಿ ಕೇಳಿಕೊಳ್ಳುತ್ತಾರೆ. ಆಗ ಯಾರೋ ಒಬ್ಬರು ಲೂಕನ ಸುವಾರ್ತೆ ತೆರೆದು, ತಂದೆಯನ್ನು ಹೂಣಿಟ್ಟು ಬರುತ್ತೇನೆ ಎಂದವನಿಗೆ ಯೇಸು ಕೊಟ್ಟ ಕಠಿಣ ಉತ್ತರವನ್ನು ತೋರಿಸುತ್ತಾರೆ. ಅವರು ಮಾರ್ಕನ 7ನೇ ಅಧ್ಯಾಯವನ್ನೂ ತೋರಿಸಬೇಕಿತ್ತು. ಅಪ್ಪ ಅಮ್ಮನಿಗೆ ಸಲ್ಲಬೇಕಾದ್ದನ್ನು ‘ಕೊರ್ಬಾನ್’, ದೇವರಿಗೆ ಮುಡಿಪು, ಎಂದು ಹೇಳಿ ಕೈತೊಳೆದುಕೊಳ್ಳುವವರನ್ನು ಅದೇ ಯೇಸು ಅಲ್ಲಿ ಕಪಟಿಗಳೆಂದು ಗದರಿಸುತ್ತಾನೆ. ಕಾನಾದ ಮದುವೆಯಲ್ಲಿ ಆತ ಇದ್ದ. ಬೇಥಾನ್ಯದ ಸಾವಿನ ಮನೆಗೂ ಹೋದ. ಅದೂ ಲಾಜರನನ್ನು ಸಮಾಧಿ ಮಾಡಿ ನಾಲ್ಕು ದಿನವಾದ ಮೇಲೆ. ಮೊದಲೇ ಬಂದಿದ್ದರೆ ಎಂದು ಮಾರ್ಥಳೂ ಮರಿಯಳೂ ಆಡಿದ ಮಾತು ಕೇಳಿಸಿಕೊಂಡು, ಅವರೊಡನೆ ಅತ್ತ.

ನಿಮ್ಮ ಸೇವಾಕ್ಷೇತ್ರ ಅಸ್ಸಾಮಿನಲ್ಲಿದ್ದರೆ, ಅಲ್ಲಿಂದ ಮಂಗಳೂರಿಗೆ ರೈಲಿನಲ್ಲಿ ಹತ್ತಿರ ಹತ್ತಿರ ಮೂರು ದಿನ ಬೇಕು. ನೀವು ತಲುಪುವಷ್ಟರಲ್ಲಿ ಮಣ್ಣು ಮುಗಿದಿರುತ್ತದೆ. ಆದರೂ ಬನ್ನಿ. ಸಾವಿಗೆ ತಡವಾಗಿ ಬಂದವರನ್ನು ನಮ್ಮ ಮನೆಗಳು ಕ್ಷಮಿಸುತ್ತವೆ, ಬಾರದೇ ಇದ್ದವರನ್ನು ಕ್ಷಮಿಸುವುದು ಕಷ್ಟ.

ನಮ್ಮ ಕರಾವಳಿಗೆ 1834ರಲ್ಲಿ ಬಂದ ಬಾಸೆಲ್ ಮಿಷನ್ನಿನವರಿಗೆ ಈ ಕಷ್ಟ ನಮಗಿಂತ ಹೆಚ್ಚಾಗಿ ಗೊತ್ತಿತ್ತು. ಅವರ ಮಕ್ಕಳು ಎಳೆಯ ವಯಸ್ಸಿನಲ್ಲೇ ಹಡಗು ಹತ್ತಿ ಯೂರೋಪಿಗೆ ಹೋಗುತ್ತಿದ್ದರು. ಆ ಮಿಷನ್ನಿನ ಹರ್ಮನ್ ಗುಂಡರ್ಟರ ಮಗಳು ಮರೀ 1842ರಲ್ಲಿ ಕೇರಳದಲ್ಲಿ ಹುಟ್ಟಿದವಳು. ತೀರ ಚಿಕ್ಕವಳಿದ್ದಾಗಲೇ ಅವಳನ್ನು ಯೂರೋಪಿನಲ್ಲಿ ಬಿಟ್ಟು ತಂದೆತಾಯಿ ಇತ್ತ ಮರಳಿದರು. ಅವಳು ಮತ್ತೆ ಅವರ ಬಳಿ ಬಂದದ್ದು ಹದಿಹರೆಯದಲ್ಲಿ. ಇಲ್ಲಿನ ಹವೆ, ಕಾಯಿಲೆ, ಓದು ಎಂದು ಅವರು ಕೊಟ್ಟ ಕಾರಣಗಳೆಲ್ಲ ನಿಜವೇ. ಆದರೆ ತ್ಯಾಗ ಮಾಡಿದವರೆಂಬ ಹೆಸರು ದೊಡ್ಡವರಿಗೆ ಬಂತು, ಬೆಲೆ ತೆತ್ತವರು ಮಕ್ಕಳು. ನನಗೆ ಇದು ಇಂದಿಗೂ ಒಪ್ಪಿಗೆಯಾಗುವುದಿಲ್ಲ.

ಅದೇ ಮಿಷನ್ನಿನ ಮೋಗ್ಲಿಂಗರನ್ನು ನೋಡಿ. 1843ರಲ್ಲಿ ‘ಮಂಗಳೂರ ಸಮಾಚಾರ’ ಪತ್ರಿಕೆ ಹೊರತಂದವರು. ಜೊತೆಗಾರ ವೈಗಲ್ 1855ರಲ್ಲಿ ತೀರಿಕೊಂಡ ಮೇಲೆ ಅವರ ವಿಧವೆ ಪೌಲೀನಳನ್ನು ಮದುವೆಯಾಗಿ ಆ ಮಕ್ಕಳಿಗೂ ತಂದೆಯಾದರು. ಅವಳ ಆರೋಗ್ಯ ಕೆಟ್ಟಾಗ, 1860ರಲ್ಲಿ, ಇಷ್ಟಪಟ್ಟು ಕಟ್ಟಿದ ಕೊಡಗಿನ ಕೆಲಸ ಬಿಟ್ಟು ಊರಿಗೆ ಮರಳಿದರು. ಅಲ್ಲಿ ಕೂತು ಕನ್ನಡದ ಕೆಲಸವನ್ನೇ ಮುಂದುವರಿಸಿದರು. ಮರಳಿದ್ದರಿಂದ ಅವರ ಸೇವೆ ಕಿರಿದಾಯಿತೆಂದು ಯಾರು ಹೇಳಿಯಾರು?

ಹಾಗೆಂದು ಎಲ್ಲಕ್ಕೂ ಓಡಿಬರಬೇಡಿ. ಹುಟ್ಟುಹಬ್ಬ, ಗೃಹಪ್ರವೇಶ, ದೂರದ ನೆಂಟರ ನಿಶ್ಚಿತಾರ್ಥ ಫೋನಿನಲ್ಲೇ ಮುಗಿಯಲಿ. ಒಡಹುಟ್ಟಿದವರ ಮದುವೆಗೆ ಬನ್ನಿ. ಬಂದಾಗ ಪಂಕ್ತಿಯಲ್ಲಿ ಬಡಿಸಿ, ಕುರ್ಚಿ ಎತ್ತಿಡಿ. ಮೈಕು ಹಿಡಿದು ಸೇವಾಕ್ಷೇತ್ರದ ವರದಿ ಒಪ್ಪಿಸಬೇಡಿ. ಅಂದು ನೀವು ಮಿಷನರಿಯಲ್ಲ, ಮದುಮಗಳ ಅಣ್ಣ. ಬರಲಾಗದೇ ಹೋದರೆ ‘ದೇವರ ಚಿತ್ತ’ ಎಂದು ತಾಯಿಗೆ ಪಾಠ ಹೇಳಬೇಡಿ. ರಜೆ ಸಿಗಲಿಲ್ಲ, ನನಗೂ ದುಃಖವಾಗಿದೆ ಎಂದು ಹೇಳಿ ಅವಳ ಜೊತೆ ಅತ್ತುಬಿಡಿ. ಬೆಂಬಲಿಗರಿಗೆ ಕಳಿಸುವ ಪ್ರಾರ್ಥನಾ ಪತ್ರದಲ್ಲಿ ಯಾವಾಗಲೂ ಜಯವನ್ನೇ ಬರೆಯುವ ಚಾಳಿ ನಮ್ಮಲ್ಲಿ ಬಹಳ; ಅದನ್ನು ಮನೆಯವರ ಮುಂದೆ ತರಬೇಡಿ.

ಹೊರಡುವ ಮೊದಲು ಎರಡು ಕೆಲಸ ಮಾಡಿ. ಮನೆಯಲ್ಲಿ ಸಾವಾದರೆ ಎಷ್ಟು ದಿನ ರಜೆ, ಟಿಕೆಟ್ಟಿನ ಹಣ ಯಾರದು ಎಂದು ನಿಮ್ಮನ್ನು ಕಳಿಸುವ ಸಂಸ್ಥೆಯನ್ನು ನಾಚಿಕೆಯಿಲ್ಲದೆ ಕೇಳಿ, ಬರವಣಿಗೆಯಲ್ಲೇ ಉತ್ತರ ಪಡೆಯಿರಿ. ನೀವು ಬರಲಾಗದ ದಿನ ನಿಮ್ಮ ಅಪ್ಪ ಅಮ್ಮನ ಪಕ್ಕದಲ್ಲಿ ಕೂರುವವರು ಯಾರು ಎಂದು ಸಭೆಯ ಹಿರಿಯರಾದ ನಮ್ಮನ್ನು ಕೇಳಿ. ನಾವು ಒಂದು ಹೆಸರು ಹೇಳುವ ತನಕ ರೈಲು ಹತ್ತಬೇಡಿ.