ಎಂಟನೆಯ ಆಟಗಾರ

ಎರಡು ಪಕ್ಷಗಳ ಬಲವು ಸರಿಸಮನಾಗಿದ್ದರೆ ಮಾತ್ರ ಆಟವು ರಸವತ್ತಾಗುತ್ತದೆ. ಕಬಡ್ಡಿಯಲ್ಲಿ ಈ ಸಮತೂಕವನ್ನು ಸಾಧಿಸುವುದು ಸುಲಭ. ಅಂಕಣದ ಎರಡು ಕಡೆಗಳಲ್ಲಿಯೂ ಏಳೇಳು ಆಟಗಾರರಿದ್ದರಾಯಿತು. ಒಂದು ಪಕ್ಷದವರು ಒಬ್ಬರೋ ಇಬ್ಬರೋ ಇದ್ದು, ತಾವಾರೆಂಬುದನ್ನು ಮರೆಮಾಚಿಕೊಂಡಿರುವ ಆಟದಲ್ಲಿ ಇದನ್ನು ಸಾಧಿಸುವ ಬಗೆ ಹೇಗೆ?

‘ಮಾಫಿಯಾ’ ಅಂತಹ ಆಟಗಳಲ್ಲೊಂದು. 1980ರ ದಶಕದ ಉತ್ತರಾರ್ಧದಲ್ಲಿ ಮಾಸ್ಕೋ ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರ ವಿಭಾಗದಲ್ಲಿ ದಿಮಿತ್ರಿ ದಾವಿದೋವ್ ಎಂಬವರು ಇದನ್ನು ರೂಪಿಸಿದರು. ಪಾತ್ರಗಳನ್ನು ಗುಟ್ಟಾಗಿ ಹಂಚಲಾಗುತ್ತದೆ. ಹೆಚ್ಚಿನವರು ನಾಗರಿಕರು, ಒಬ್ಬಿಬ್ಬರು ಪಾತಕಿಗಳು. ‘ರಾತ್ರಿ’ಯಲ್ಲಿ ಎಲ್ಲರೂ ಕಣ್ಣು ಮುಚ್ಚಿರುವಾಗ ಪಾತಕಿಗಳು ಒಬ್ಬ ನಾಗರಿಕನನ್ನು ಆಟದಿಂದ ತೆಗೆದುಹಾಕುತ್ತಾರೆ. ‘ಹಗಲಿ’ನಲ್ಲಿ ಎಲ್ಲರೂ ವಾದಿಸಿ, ಬಹುಮತದಿಂದ ಒಬ್ಬನನ್ನು ಹೊರಹಾಕುತ್ತಾರೆ. ಪಾತಕಿಗಳೆಲ್ಲ ಹೊರಬಿದ್ದರೆ ನಾಗರಿಕರಿಗೆ ಜಯ. ಎರಡು ಪಕ್ಷಗಳ ಸಂಖ್ಯೆ ಸಮನಾದೊಡನೆ ಪಾತಕಿಗಳಿಗೆ ಜಯ.

ಏಳು ಜನರಲ್ಲಿ ಒಬ್ಬನೇ ಪಾತಕಿ. ಆಟವು ಹಗಲಿನಿಂದ ಆರಂಭವಾಗುತ್ತದೆ. ಯಾವ ಸುಳಿವೂ ಇಲ್ಲದೆ ಕುರುಡಾಗಿ ಮತ ಹಾಕಿದರೂ, ಏಳು, ಐದು, ಮೂರು ಜನರ ನಡುವೆ ಮೂರು ಮತದಾನಗಳು ನಡೆಯಬಲ್ಲವು. ಮೂರರಲ್ಲಿಯೂ ಪಾತಕಿಯು ಪಾರಾಗುವ ಸಂಭವವು 6/7, 4/5, 2/3 ಇವುಗಳ ಗುಣಲಬ್ಧ, ಅಂದರೆ 16/35. ನಾಗರಿಕರ ಗೆಲುವಿನ ಸಂಭವ 19/35. ನೂರಕ್ಕೆ ಸುಮಾರು 54. ಇದು ಒಪ್ಪತಕ್ಕ ಸಮತೂಕವೇ ಸರಿ. ಪಾತಕಿಗಳು ಇಬ್ಬರಾದರೆ ಅದು 8/35ಕ್ಕೆ ಕುಸಿಯುತ್ತದೆ. (ನಿಜವಾದ ಆಟದಲ್ಲಿ ಮುಖಭಾವವೂ ಮಾತಿನ ತಡವರಿಕೆಯೂ ಲೆಕ್ಕವನ್ನು ಏರುಪೇರು ಮಾಡುತ್ತವೆ, ಆಟದ ಸೊಗಸು ಇರುವುದೂ ಅಲ್ಲಿಯೇ.)

ಈಗ ಎಂಟನೆಯವನೊಬ್ಬನು ನಾಗರಿಕನಾಗಿ ಬಂದು ಸೇರುತ್ತಾನೆ. ನಾಗರಿಕರ ಬಲ ಹೆಚ್ಚಿತೆಂದು ಯಾರಾದರೂ ಹೇಳಿಯಾರು. ಆದರೆ ಲೆಕ್ಕವು ಬೇರೆಯೇ ಇದೆ. ಮತದಾನಗಳು ಈಗ ಎಂಟು, ಆರು, ನಾಲ್ಕು ಜನರ ನಡುವೆ, ಅವೂ ಮೂರೇ. ಅವಕಾಶಗಳು ಹೆಚ್ಚಲಿಲ್ಲ, ಪಾತಕಿಯು ಅಡಗಿಕೊಳ್ಳುವ ಗುಂಪು ಮಾತ್ರ ದೊಡ್ಡದಾಯಿತು. ನಾಗರಿಕರ ಸಂಭವ 29/64ಕ್ಕೆ, ಅಂದರೆ ನೂರಕ್ಕೆ ಸುಮಾರು 45ಕ್ಕೆ, ಇಳಿಯುತ್ತದೆ. ನೆರವಿಗೆ ಬಂದವನೇ ಹೊರೆಯಾದನು!

ಹಾಗೆಂದು ಅವನನ್ನು ಹೊರಗೆ ಕೂರಿಸಬೇಕಾಗಿಲ್ಲ. ಆಟವನ್ನು ರಾತ್ರಿಯಿಂದ ಆರಂಭಿಸಿದರೆ ಮೊದಲ ಹಗಲಿಗೆ ಏಳೇ ಜನ ಉಳಿಯುತ್ತಾರೆ. ಹಳೆಯ 19/35 ಮರಳಿ ಬರುತ್ತದೆ. ಆದರೆ ಹಾಗೆ ಮಾಡಿದಾಗ ಒಬ್ಬನು ತುಟಿ ಬಿಚ್ಚುವ ಮೊದಲೇ ಆಟದಿಂದ ಹೊರಬೀಳುತ್ತಾನೆ. ಅದಕ್ಕಿಂತ, ಮೊದಲ ಹಗಲಿನಲ್ಲಿ ಮಾತುಕತೆಯನ್ನಷ್ಟೇ ನಡೆಸಿ ಮತದಾನವನ್ನು ಬಿಟ್ಟುಬಿಡುವುದು ಲೇಸು. ಒಂದು ಮತದಾನವನ್ನು ಬಿಟ್ಟುಕೊಟ್ಟ ನಾಗರಿಕರ ಸಂಭವವು ಆಗಲೂ 19/35ಕ್ಕೇ ಏರುತ್ತದೆ. ಎಂಟು ಮಂದಿಗೂ ಒಂದು ಹಗಲಾದರೂ ಮಾತನಾಡುವ ಅವಕಾಶ ದೊರೆಯುತ್ತದೆ.