ಮಿಗ್-21 ಕಿಟ್ ಜೋಡಿಸುವಾಗ ಬೆನ್ನಿನ ಗೆರೆ ಮರೆಯಬೇಡಿ

2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ವಾಯುಪಡೆ ಮಿಗ್-21ಕ್ಕೆ ವಿದಾಯ ಹೇಳಿತು. ಅದಾದ ಮೇಲೆ ಆ ವಿಮಾನದ ದೊಡ್ಡ ಪ್ಲಾಸ್ಟಿಕ್ ಕಿಟ್ ತರಿಸಿಕೊಂಡವರು ನನ್ನ ಪರಿಚಯದಲ್ಲೇ ಹಲವರಿದ್ದಾರೆ. ಮುಗಿಸಿದ ಮೇಲೆ ತೋರಿಸಲು ತರುತ್ತಾರೆ. ಬಣ್ಣ ಚೆನ್ನಾಗಿರುತ್ತದೆ, ಕಾಕ್‌ಪಿಟ್‌ನ ಸಣ್ಣ ಗುಂಡಿಗಳೂ ಚೆನ್ನಾಗಿರುತ್ತವೆ. ಕಿಟಕಿಯ ಬೆಳಕಿಗೆ ಹಿಡಿದ ಕೂಡಲೇ ಬೆನ್ನಿನುದ್ದಕ್ಕೂ ಒಂದು ಗೆರೆ ಎದ್ದು ಕಾಣುತ್ತದೆ. ಎಡ ಬಲ ಎರಡು ಹೋಳು ಕೂಡಿದ ಜಾಗ ಅದು. ತಿಂಗಳುಗಟ್ಟಲೆ ಪಟ್ಟ ಶ್ರಮವೆಲ್ಲ ಆ ಒಂದು ಗೆರೆಯಲ್ಲಿ ಹಾಳಾಗುವುದು ನೋಡಿ ನನಗೆ ಸಂಕಟವಾಗುತ್ತದೆ.

ಹಿನ್ನೆಲೆ ಚುಟುಕಾಗಿ ಹೇಳಿಬಿಡುತ್ತೇನೆ. 1963ರಲ್ಲಿ ನಮ್ಮ ವಾಯುಪಡೆಗೆ ಬಂದ ವಿಮಾನ ಇದು. ನಾಸಿಕ್‌ನಲ್ಲಿ ಎಚ್‌ಎಎಲ್ ಇದನ್ನು ಕಟ್ಟಿತು, ಎಂಜಿನ್ ಕೋರಾಪುಟ್‌ನಲ್ಲಿ ತಯಾರಾಯಿತು. ಎಫ್‌ಎಲ್, ಎಂ, ಬಿಸ್, ಕೊನೆಗೆ ಬೈಸನ್ ಎಂದು ಹಲವು ರೂಪಗಳು ಬಂದವು. ದೊಡ್ಡ ಅಳತೆಯಲ್ಲಿ, ಎಂದರೆ 1/32ರಲ್ಲಿ, ಚೀನಾದ ಟ್ರಂಪೆಟರ್ ಕಂಪನಿಯ ಎಂಎಫ್ ಕಿಟ್ ಇದೆ. ನಿಜವಾದ ವಿಮಾನದ ರೆಕ್ಕೆಯ ಹರವು 7.15 ಮೀಟರ್, ಮಾದರಿಯಲ್ಲಿ ಅದು 22 ಸೆಂಟಿಮೀಟರ್‌ಗೆ ತುಸು ಹೆಚ್ಚು. ಉದ್ದ ಹೆಚ್ಚುಕಡಿಮೆ ಅರ್ಧ ಮೀಟರ್. ಪೆಟ್ಟಿಗೆ ಒಡೆಯುವ ಮೊದಲೇ ಕಪಾಟಿನಲ್ಲಿ ಜಾಗ ಅಳೆದುಕೊಳ್ಳಿ.

ಯಾವ ಮಿಗ್ ಎಂಬುದನ್ನೂ ಆಗಲೇ ತೀರ್ಮಾನಿಸಿ. ನಮ್ಮ ಎಂ ಮಾದರಿ ಹೊರನೋಟಕ್ಕೆ ಎಂಎಫ್‌ಗೆ ತೀರ ಹತ್ತಿರ, ಹಾಗಾಗಿ ಈ ಕಿಟ್‌ನಿಂದ ಅದನ್ನು ಮಾಡಬಹುದು. 1971ರ ಯುದ್ಧದ ಎಫ್‌ಎಲ್ ಆಗುವುದಿಲ್ಲ. ಅದಕ್ಕೆ ಒಳಗೆ ಫಿರಂಗಿ ಇರಲಿಲ್ಲ, ಗಾಜಿನ ಮುಚ್ಚಳ ಮುಂದಕ್ಕೆ ತೆರೆಯುತ್ತಿತ್ತು. ಎಂಎಫ್‌ನ ಮುಚ್ಚಳ ಪೈಲಟ್‌ನ ಬಲಕ್ಕೆ ತೆರೆಯುತ್ತದೆ. ಬೈಸನ್ ಅಂತೂ ಬಿಸ್ ಮೇಲೆ ಕಟ್ಟಿದ್ದು. ಬೆನ್ನಿನ ಉಬ್ಬು ದಪ್ಪ, ಮುಂದಿನ ಗಾಜು ಪಟ್ಟಿಗಳಿಲ್ಲದ ಒಂದೇ ತುಂಡು. ಎಂಎಫ್‌ಗೆ ಬೈಸನ್‌ನ ಅಂಕಿ ಅಂಟಿಸಿ ಬೈಸನ್ ಎಂದು ಕರೆಯುವುದು ನನಗೆ ಒಪ್ಪಿಗೆಯಿಲ್ಲ.

ಮೂಗಿಗೆ ತೂಕ

ಬಿಡಿಭಾಗಗಳನ್ನು ಸಾಬೂನು ನೀರಿನಲ್ಲಿ ತೊಳೆದು ಒಣಗಿಸಿ. ಕಾಕ್‌ಪಿಟ್ ಮೊದಲು ಮುಗಿಸಿ. ಒಳಗಿನ ಬಣ್ಣ ರಷ್ಯನ್ ವಿಮಾನಗಳ ಆ ನೀಲಿ ಬೆರೆತ ಹಸಿರು, ಬೂದು ಅಲ್ಲ. ಚಕ್ರದ ಗೂಡಿನೊಳಗೆ ಕೊಳವೆ, ವೈರು ಎಳೆಯುವ ಆಸೆಯಿದ್ದರೆ ಕೆಟ್ಟ ಇಯರ್‌ಫೋನ್ ಬಿಚ್ಚಿ, ಒಳಗಿನ ತೆಳು ತಂತಿ ಸಾಕು. ದೇಹ ಮುಚ್ಚಿದ ಮೇಲೆ ಕೈ ಒಳಗೆ ಹೋಗುವುದಿಲ್ಲ, ಇದನ್ನೆಲ್ಲ ಈಗಲೇ ಮಾಡಿ.

ತೂಕದ್ದೂ ಅಷ್ಟೇ. ದೇಹ, ರೆಕ್ಕೆಗಳನ್ನು ಟೇಪಿನಿಂದ ತಾತ್ಕಾಲಿಕವಾಗಿ ಕಟ್ಟಿ, ಹಿಂದಿನ ಚಕ್ರಗಳು ಬರುವ ಜಾಗದ ಕೆಳಗೆ ಅಡ್ಡಲಾಗಿ ಒಂದು ಪೆನ್ಸಿಲ್ ಇಡಿ. ಮೂಗಿನ ಮೇಲೆ ನಾಣ್ಯಗಳನ್ನು ಒಂದೊಂದಾಗಿ ಇಡುತ್ತಾ ಹೋಗಿ. ಮೂಗು ಕೆಳಗೆ ಬಾಗಿದಾಗ ಎಷ್ಟಿತ್ತೋ ಅದಕ್ಕೆ ಕಾಲು ಭಾಗ ಸೇರಿಸಿದರೆ ಬೇಕಾದ ತೂಕ ಸಿಕ್ಕಿತು. ಟಯರ್ ಅಂಗಡಿಯಲ್ಲಿ ಚಕ್ರದ ಬ್ಯಾಲೆನ್ಸಿಂಗ್‌ಗೆ ಅಂಟಿಸುವ ತೂಕದ ಪಟ್ಟಿ, ಇಲ್ಲವೇ ಗಾಳ ಹಾಕುವವರ ಸೀಸ ಬಳಸಬಹುದು. ಸೀಸವನ್ನು ಮರಗೆಲಸದ ಬಿಳಿ ಅಂಟಿನಿಂದ ಕೂರಿಸಬೇಡಿ. ಎರಡೂ ಸೇರಿ ವರ್ಷಗಳ ಮೇಲೆ ಉಬ್ಬಿಕೊಂಡು ದೇಹವನ್ನೇ ಸೀಳಬಹುದು. ಅರಾಲ್ಡೈಟ್ ಹಾಕಿ. ಸೀಸ ಮುಟ್ಟಿದ ಕೈ ತೊಳೆಯಿರಿ, ಮಕ್ಕಳ ಕೈಗೆ ಕೊಡಬೇಡಿ.

ಬೆನ್ನಿನ ಗೆರೆ

ಮಿಗ್-21 ಎಂದರೆ ಒಂದು ಕೊಳವೆ. ಮುಂದೆ ಗಾಳಿ ಹೋಗುವ ಬಾಯಿ, ಹಿಂದೆ ಬೆಂಕಿ ಬರುವ ಬಾಯಿ, ನಡುವೆ ದುಂಡನೆಯ ಮೈ. ದುಂಡು ಮೈಮೇಲೆ ತಪ್ಪು ಅಡಗಿಸಲು ಮೂಲೆ ಇಲ್ಲ. 1/32ರಂಥ ದೊಡ್ಡ ಅಳತೆಯಲ್ಲಿ ಅದು ಇನ್ನೂ ದೊಡ್ಡದಾಗಿ ಕಾಣುತ್ತದೆ. ಮಂಕು ಹಸಿರು ಬಣ್ಣ ತುಸು ಮಟ್ಟಿಗೆ ಕ್ಷಮಿಸುತ್ತದೆ, ಬೆಳ್ಳಿಯಂಥ ಲೋಹದ ಬಣ್ಣ ಏನನ್ನೂ ಕ್ಷಮಿಸುವುದಿಲ್ಲ.

ಎಲ್ಲರೂ ಎಡವುವುದು ಒಂದೇ ಕಡೆ. ಅಂಟು ಹಾಕಿದ ರಾತ್ರಿಯೇ, ಹೆಚ್ಚೆಂದರೆ ಮರುದಿನ ಬೆಳಿಗ್ಗೆ, ಉಜ್ಜಲು ಕೂರುತ್ತಾರೆ. ಮುಟ್ಟಿದರೆ ಗಟ್ಟಿಯಾಗಿಯೇ ಇರುತ್ತದೆ. ಆದರೆ ಪ್ಲಾಸ್ಟಿಕ್ ಅಂಟು ಅಂಟಿಸುವುದು ಪ್ಲಾಸ್ಟಿಕ್ಕನ್ನು ಕರಗಿಸಿ. ಒಳಗೆ ಉಳಿದ ದ್ರಾವಕ ನಿಧಾನವಾಗಿ ಆರುತ್ತಾ ಹೋದಂತೆ ಜೋಡಣೆ ಕುಗ್ಗುತ್ತದೆ. ಉಜ್ಜಿ ಸಮ ಮಾಡಿದ ಜಾಗ ಮತ್ತೆ ಒಳಕ್ಕೆ ಇಳಿಯುತ್ತದೆ. ನನ್ನದೇ ಒಂದು ವಿಮಾನದಲ್ಲಿ ಬಣ್ಣ ಬಳಿದು ಮೂರು ತಿಂಗಳಾದ ಮೇಲೆ ಕೂದಲೆಳೆಯಷ್ಟು ಕುಳಿ ಮೂಡಿತು. ಆಗ ಏನೂ ಮಾಡಲಾಗಲಿಲ್ಲ.

ಸರಿಯಾದ ಕ್ರಮ ಹೀಗೆ. ಅಂಟು ಹಾಕುವ ಮೊದಲು ಎರಡೂ ಹೋಳುಗಳ ಅಂಚನ್ನು ಸಮತಟ್ಟಾದ ಗಾಜಿನ ಮೇಲೆ ಹಾಸಿದ ವಾಟರ್ ಪೇಪರ್‌ನಲ್ಲಿ ನಾಲ್ಕು ಸಲ ಎಳೆಯಿರಿ. ಹೋಳುಗಳನ್ನು ಜೋಡಿಸಿ ಹಿಡಿದು, ತೆಳು ದ್ರವದ ಅಂಟನ್ನು ಬ್ರಷ್‌ನಿಂದ ಸಂದಿಗೆ ಮುಟ್ಟಿಸಿ, ಅದು ತಾನೇ ಒಳಗೆ ಹರಿಯುತ್ತದೆ. ಒಮ್ಮೆಲೇ ಪೂರ್ತಿ ಬೇಡ, ಎರಡೆರಡು ಇಂಚು ಮುಂದುವರಿಯಿರಿ. ಅರ್ಧ ನಿಮಿಷ ಬಿಟ್ಟು ಒತ್ತಿದರೆ ಕರಗಿದ ಪ್ಲಾಸ್ಟಿಕ್ ಸಣ್ಣ ಏಣಿನಂತೆ ಹೊರಗೆ ಉಕ್ಕಬೇಕು. ಆ ಏಣೇ ನಿಮ್ಮ ಪುಟ್ಟಿ. ಟೇಪು ಸುತ್ತಿ ಒಂದು ವಾರ ಕಪಾಟಿನಲ್ಲಿಡಿ. ಎರಡು ದಿನ ಸಾಕು ಎನ್ನುವವರಿದ್ದಾರೆ, ನಾನು ಒಂದು ವಾರವನ್ನೇ ಹೇಳುತ್ತೇನೆ. ಅಷ್ಟರಲ್ಲಿ ಚಕ್ರ, ಕ್ಷಿಪಣಿಗಳ ಕೆಲಸ ಮಾಡಿಕೊಳ್ಳಬಹುದು.

ವಾರದ ನಂತರ 400, 600, 1000 ನಂಬರಿನ ವಾಟರ್ ಪೇಪರ್‌ಗಳಲ್ಲಿ ಅದೇ ಕ್ರಮದಲ್ಲಿ, ನೀರು ಹಾಕಿ ಉಜ್ಜಿ. ಬೆರಳಿಗೆ ಸುತ್ತಿ ಉಜ್ಜಿದರೆ ಗೆರೆಯ ಜಾಗ ತಗ್ಗಾಗುತ್ತದೆ, ಮೆತ್ತಗಿನ ರಬ್ಬರ್ ತುಂಡಿಗೆ ಸುತ್ತಿಕೊಳ್ಳಿ. ಕುಳಿ ಉಳಿದಿದ್ದರೆ ಫೆವಿಕ್ವಿಕ್ ಹನಿ ಬಿಟ್ಟು, ಆರಿದ ಗಂಟೆಯೊಳಗೆ ಉಜ್ಜಿಬಿಡಿ. ರಾತ್ರಿ ಕಳೆದರೆ ಅದು ಪ್ಲಾಸ್ಟಿಕ್‌ಗಿಂತ ಗಟ್ಟಿಯಾಗಿ, ಅಕ್ಕಪಕ್ಕ ಸವೆದು ಅದೊಂದೇ ದಿಬ್ಬವಾಗಿ ಉಳಿಯುತ್ತದೆ. ಕಾರಿಗೆ ಬಣ್ಣ ಬಳಿಯುವವರ ಎನ್‌ಸಿ ಪುಟ್ಟಿಯನ್ನು ದಪ್ಪಗೆ ಮೆತ್ತಬೇಡಿ, ಅದು ಆರುತ್ತಾ ಕುಗ್ಗುತ್ತದೆ, ಅದರ ಥಿನ್ನರ್ ಪ್ಲಾಸ್ಟಿಕ್ಕನ್ನೂ ಮೆತ್ತಗೆ ಮಾಡುತ್ತದೆ.

ಪರೀಕ್ಷೆಗೆ ಆ ಪಟ್ಟಿಗಷ್ಟೇ ತೆಳುವಾಗಿ ಬೆಳ್ಳಿ ಬಣ್ಣ ಬಳಿದು, ಕೋಣೆ ಕತ್ತಲು ಮಾಡಿ, ಮೊಬೈಲ್ ಟಾರ್ಚನ್ನು ಅಡ್ಡಡ್ಡ ಹಿಡಿಯಿರಿ. ಗೆರೆ ಕಂಡರೆ ಮತ್ತೆ ಉಜ್ಜಿ. ನಾನು ಮೂರು ಸಲಕ್ಕಿಂತ ಮೊದಲು ಮುಗಿಸಿದ್ದೇ ಇಲ್ಲ.

ಅಳಿಸಬಾರದ ಗೆರೆಯೂ ಒಂದಿದೆ. ಎಂಜಿನ್ ಹೊರತೆಗೆಯಲು ಮಿಗ್‌ನ ಹಿಂಭಾಗವನ್ನು ಪೂರ್ತಿ ಕಳಚುತ್ತಾರೆ. ಆ ಜೋಡಣೆ ದೇಹದ ಸುತ್ತ ಉಂಗುರದಂತೆ ಕಾಣುತ್ತದೆ. ಉಜ್ಜುವಾಗ ಬೆನ್ನಿನ ಮೇಲೆ, ಹೊಟ್ಟೆಯ ಕೆಳಗೆ ಆ ಉಂಗುರ ಮಾಸಿರುತ್ತದೆ. ದಪ್ಪ ಟೇಪಿನ ಅಂಚನ್ನು ಆಧಾರ ಮಾಡಿಕೊಂಡು ಸೂಜಿಯಿಂದ ಹಗುರವಾಗಿ ಹತ್ತು ಸಲ ಗೀರಿ ಮತ್ತೆ ಮೂಡಿಸಿ. ಒತ್ತಿ ಒಂದೇ ಸಲ ಗೀರಿದರೆ ಸೂಜಿ ಜಾರುತ್ತದೆ.

ಸೂಜಿಯ ಪಿಟಾಟ್

ಮೂಗಿನ ಮೇಲಿನ ಉದ್ದ ಪಿಟಾಟ್ ಕೊಳವೆ ಪ್ಲಾಸ್ಟಿಕ್‌ನದಾದರೆ ಮುರಿಯುವುದು ಖಂಡಿತ. ಔಷಧಿ ಅಂಗಡಿಯಿಂದ 18, 21, 26 ಗೇಜಿನ ಹೊಸ ಸೂಜಿಗಳನ್ನು ತನ್ನಿ. 18ರ ಒಳಗೆ 21, ಅದರೊಳಗೆ 26 ಸರಿಯಾಗಿ ಕೂರುತ್ತವೆ, ಹಂತ ಹಂತವಾಗಿ ಸಪೂರವಾಗುವ ಕೊಳವೆ ಸಿಗುತ್ತದೆ. ಇಕ್ಕಳದಲ್ಲಿ ಕತ್ತರಿಸಿದರೆ ಬಾಯಿ ಚಪ್ಪಟೆಯಾಗುತ್ತದೆ. ಅರದಿಂದ ಸುತ್ತ ಗೀರಿ ಮುರಿಯಿರಿ, ಕಣ್ಣಿಗೆ ಕನ್ನಡಕ ಇರಲಿ, ಚೂಪು ತುದಿಯನ್ನು ತಪ್ಪದೆ ತೆಗೆದುಹಾಕಿ. ಎಂಎಫ್‌ನಲ್ಲಿ ಇದು ನಡುಮಧ್ಯದಲ್ಲಿಲ್ಲ, ತುಸು ಬಲಕ್ಕಿದೆ.

ಉಳಿದದ್ದು ಬೇಗ ಹೇಳಬೇಕು, ಜಾಗ ಮುಗಿಯುತ್ತಿದೆ. ಬೂದು ಪ್ರೈಮರ್, ಆಮೇಲೆ ತೆಳುವಾಗಿ ಎರಡು ಮೂರು ಪದರ ಬಣ್ಣ. ಮಳೆ ಹಿಡಿದ ದಿನ ಲ್ಯಾಕರ್ ಸಿಂಪಡಿಸಿದರೆ ಮಂಜು ಕವಿದಂತೆ ಬಿಳಿಚುತ್ತದೆ, ಕರಾವಳಿಯವರು ಇನ್ನೂ ಹುಷಾರಾಗಿರಿ. ಕಿಟಕಿ ತೆರೆದಿರಲಿ, ಮಾಸ್ಕ್ ಇರಲಿ. ಹೊಳಪು ವಾರ್ನಿಷ್ ಆರಿದ ಮೇಲೆಯೇ ಡೆಕಾಲ್. ವಾಯುಪಡೆಯ ವೃತ್ತದಲ್ಲಿ ಕೇಸರಿ ಹೊರಗೆ, ಹಸಿರು ಒಳಗೆ. ಮುಖ್ಯ ಚಕ್ರದ ವ್ಯಾಸ 25 ಮಿಲಿಮೀಟರ್ ಬರಬೇಕು, ನೆಲ ಮುಟ್ಟುವ ಕಡೆ ತುಸು ಅರ ಹಾಕಿದರೆ ಭಾರ ಹೊತ್ತಂತೆ ಕಾಣುತ್ತದೆ. ಗಾಜಿನ ಹತ್ತಿರ ಫೆವಿಕ್ವಿಕ್ ಬೇಡ, ಅದರ ಹಬೆಗೆ ಗಾಜು ಮಸುಕಾಗುತ್ತದೆ, ಅಲ್ಲಿಗೆ ಬಿಳಿ ಅಂಟೇ ಸರಿ. ಪಿಟಾಟ್ ಎಲ್ಲಕ್ಕಿಂತ ಕೊನೆಗೆ, ವಿಮಾನ ಕಪಾಟಿಗೆ ಹೋಗುವ ದಿನ ಅಂಟಿಸಿ.